ಕಾರ್ನ್‌ವಾಲ್: ಒಂದೇ ಕಲ್ಲು ಸಾಕಿದ ಕಡಲ ಸೀಮೆ

ಮಂಡ್ಯ ಜಿಲ್ಲೆಯ ಮರ್ಲಗಲ್ಲದಲ್ಲಿ ಲಿಥಿಯಂ ಇದೆ ಎಂಬ ಸುದ್ದಿ ಬಂದಾಗ ಮೊದಲು ಕೇಳಿಬಂದ ಅಂಕಿ 14,100 ಟನ್. ಆಮೇಲೆ ಅಧಿಕೃತವಾಗಿ ಹೊರಬಿದ್ದದ್ದು 1,600 ಟನ್, ಅದೂ ಅಂದಾಜು. ಜಗತ್ತು ಈಗ ವರ್ಷಕ್ಕೆ 2 ಲಕ್ಷ ಟನ್ನಿಗೂ ಹೆಚ್ಚು ಲಿಥಿಯಂ ತೆಗೆಯುತ್ತದೆ. ಈ ಸುದ್ದಿಯ ಬೆನ್ನಿಗೇ ಓದುಗರೊಬ್ಬರು ಕೇಳಿದರು: 'ಹಿಂದೆ ಕೆಜಿಎಫ್‌ಗೆ ಗಣಿ ಕೆಲಸಕ್ಕೆ ಬಂದಿದ್ದ ಕಾರ್ನ್‌ವಾಲಿನವರ ಊರಲ್ಲೂ ಲಿಥಿಯಂ ಸಿಕ್ಕಿದೆಯಂತಲ್ಲ, ನಿಜವೇ?'

ನಿಜ, ಆದರೆ ಅದು ಹಳೆಯ ಸಂಗತಿ. 1864ರಲ್ಲೇ ರೆಡ್ರುತ್ ಪಟ್ಟಣದ ಹತ್ತಿರದ ವೀಲ್ ಕ್ಲಿಫರ್ಡ್ ಗಣಿಯ ಆಳದಲ್ಲಿ ಉಕ್ಕುತ್ತಿದ್ದ ಬಿಸಿನೀರನ್ನು ರಸಾಯನ ವಿಜ್ಞಾನಿ ವಿಲಿಯಂ ಆಲೆನ್ ಮಿಲ್ಲರ್ ಪರೀಕ್ಷಿಸಿ, ಅದರಲ್ಲಿ ಲಿಥಿಯಂ ಬಹಳವಿದೆ ಎಂದಿದ್ದ. ಆಗ ಅದನ್ನು ಕೇಳುವವರೇ ಇರಲಿಲ್ಲ.

ಕಾರ್ನ್‌ವಾಲ್ ಇಂಗ್ಲೆಂಡಿನ ನೈಋತ್ಯ ತುದಿಯ ಕೌಂಟಿ. ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ ನಮ್ಮ ಉಡುಪಿ ಜಿಲ್ಲೆಯಷ್ಟು. ಮೂರು ಕಡೆ ಕಡಲು, ನಾಲ್ಕನೆಯ ಕಡೆ ಬಹುಪಾಲು ಟೇಮರ್ ನದಿ. ಮೀನುಗಾರಿಕೆ ಇದೆ, ಪ್ರವಾಸಿಗರಿದ್ದಾರೆ. ಆದರೆ ಈ ನಾಡಿನ ಇತಿಹಾಸವನ್ನು ಬರೆದದ್ದು ಕಡಲಿಗಿಂತ ಹೆಚ್ಚಾಗಿ ಅದರಡಿಯ ಗ್ರಾನೈಟ್. ಸುಮಾರು 28 ಕೋಟಿ ವರ್ಷಗಳ ಹಿಂದೆ ಭೂಖಂಡಗಳು ಡಿಕ್ಕಿ ಹೊಡೆದು ಬೆಟ್ಟಸಾಲು ಎದ್ದ ಮೇಲೆ, ನೆಲದಾಳದಲ್ಲಿ ಕರಗಿದ ಬಂಡೆ ಮೇಲೇರಿ ಗಟ್ಟಿಯಾದದ್ದು ಅದು. ಬಾಡ್‌ಮಿನ್ ಮೂರ್, ಸೇಂಟ್ ಆಸ್ಟೆಲ್, ಲ್ಯಾಂಡ್ಸ್ ಎಂಡ್ ಇವೆಲ್ಲ ಅದೇ ಬಂಡೆಯ ಹೊರಗೆ ಕಾಣುವ ನೆತ್ತಿಗಳು.

ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿದವರಿಗೆ ಮುಂದಿನ ಕಥೆ ಸುಲಭ. ಕಟ್ಟಿ ನಿಲ್ಲಿಸಿದ ಕಡಲ ನೀರು ಬಿಸಿಲಿಗೆ ಆರುತ್ತಾ ಒಂದು ಹಂತದಲ್ಲಿ ಉಪ್ಪು ಹರಳುಗಟ್ಟುತ್ತದೆ. ಸೋಡಿಯಂ, ಕ್ಲೋರಿನ್ ಜೋಡಿಯಾಗಿ ಹರಳು ಸೇರುತ್ತವೆ. ಮೆಗ್ನೀಸಿಯಂ, ಬ್ರೋಮಿನ್‌ನಂಥವಕ್ಕೆ ಅಲ್ಲಿ ಜಾಗವಿಲ್ಲ. ಅವು ನೀರಿನಲ್ಲೇ ಉಳಿದು ಗಾಢವಾಗುತ್ತಾ ಹೋಗುತ್ತವೆ. ಉಪ್ಪು ಬಾಚಿಕೊಂಡ ಮೇಲೆ ಉಳಿದ ನೀರನ್ನು ಬಾಯಿಗಿಡಲಾಗದು, ಅಷ್ಟು ಕಹಿ. ಕರಗಿದ ಬಂಡೆ ತಣಿಯುವಾಗಲೂ ಇದೇ ಆಗುತ್ತದೆ. ಆಗರದಲ್ಲಿ ನೀರು ಹೋಗುತ್ತದೆ, ಇಲ್ಲಿ ಶಾಖ ಹೋಗುತ್ತದೆ. ಫೆಲ್ಡ್‌ಸ್ಪಾರ್, ಬೆಣಚು, ಅಭ್ರಕ ಹರಳುಗಟ್ಟಿದಂತೆ, ಗಾತ್ರದಲ್ಲೋ ವಿದ್ಯುದಂಶದಲ್ಲೋ ಹೊಂದದ ತವರ, ಟಂಗ್‌ಸ್ಟನ್, ಬೋರಾನ್, ಲಿಥಿಯಂ, ಯುರೇನಿಯಂ ಹೊರಗುಳಿದು ಕೊನೆಯ ರಸದಲ್ಲಿ ಒಟ್ಟಾದವು. ಬಂಡೆ ಬಿರಿದಾಗ ಬಿಸಿನೀರು ಆ ಬಿರುಕುಗಳಲ್ಲಿ ನುಗ್ಗಿತು. ತವರ ಗ್ರಾನೈಟಿನ ಹತ್ತಿರದಲ್ಲೇ ನಿಂತಿತು, ತಾಮ್ರ ಇನ್ನಷ್ಟು ತಣ್ಣಗಾದ ಕಡೆ, ಸೀಸ ಮತ್ತು ಸತು ಅದರಾಚೆ. ಕೆಲವೆಡೆ ಫೆಲ್ಡ್‌ಸ್ಪಾರೇ ಕೊಳೆತು ಬೆಳ್ಳನೆಯ ಪಿಂಗಾಣಿ ಮಣ್ಣಾಯಿತು. ಕಾಗದಕ್ಕೆ ನುಣುಪು ಕೊಡಲೂ ಈ ಮಣ್ಣು ಬಳಕೆಯಾಗುತ್ತದೆ.

ತವರವಿಲ್ಲದೆ ಕಂಚಿಲ್ಲ. ಹಾಗಾಗಿ ಕಂಚಿನ ಯುಗದಿಂದಲೂ ಇಲ್ಲಿ ತವರ ತೆಗೆದಿದ್ದಾರೆ. ಮೇಲಿನದು ಮುಗಿದು ಆಳಕ್ಕಿಳಿದಾಗ ಎದುರಾದದ್ದು ನೀರು. ಲೆವಂಟ್, ಬೊಟಾಲಕ್ ಗಣಿಗಳ ಸುರಂಗಗಳಂತೂ ಕಡಲ ತಳದ ಅಡಿಗೇ ಚಾಚಿದ್ದವು. ನೀರೆತ್ತಲು ಉಗಿಯಂತ್ರ ಬೇಕು, ಯಂತ್ರಕ್ಕೆ ಕಲ್ಲಿದ್ದಲು ಬೇಕು, ಕಾರ್ನ್‌ವಾಲಿನಲ್ಲಿ ಕಲ್ಲಿದ್ದಲಿಲ್ಲ. ವೇಲ್ಸ್‌ನಿಂದ ಹಡಗಿನಲ್ಲಿ ಬರಬೇಕಿತ್ತು. ಜೇಮ್ಸ್ ವಾಟ್‌ನ ಯಂತ್ರ 1777ರಲ್ಲಿ ಇಲ್ಲಿಗೆ ಬಂದಾಗ, ಉಳಿತಾಯವಾದ ಇಂಧನದ ಬೆಲೆಯಲ್ಲಿ ಮೂರನೇ ಒಂದು ಪಾಲನ್ನು ಅವನ ಕಂಪನಿ ವಸೂಲಿ ಮಾಡುತ್ತಿತ್ತು. ಗಣಿ ಮಾಲೀಕರಿಗೆ ಅದು ಹೊಟ್ಟೆಯುರಿ. 1800ರಲ್ಲಿ ವಾಟ್‌ನ ಪೇಟೆಂಟ್ ಮುಗಿಯಿತು.

ಆಮೇಲಿನದನ್ನು ಶಾಲೆಯ ಪುಸ್ತಕಗಳು ಹೇಳುವುದಿಲ್ಲ. ಅವು ಕಾರ್ನ್‌ವಾಲಿನವನೇ ಆದ ಎಂಜಿನಿಯರ್ ರಿಚರ್ಡ್ ಟ್ರೆವಿಥಿಕ್‌ನ ಉಗಿಬಂಡಿಯಲ್ಲೇ ನಿಂತುಬಿಡುತ್ತವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1811ರಲ್ಲಿ ಜೋಯೆಲ್ ಲೀನ್ ಎಂಬ ಗಣಿ ಮೇಲ್ವಿಚಾರಕ ಶುರುಮಾಡಿದ ಮಾಸಿಕ ವರದಿ. ಒಂದೊಂದು ಯಂತ್ರಕ್ಕೆ ಒಂದೊಂದು ಸಾಲು: ಗಣಿಯ ಹೆಸರು, ಸಿಲಿಂಡರಿನ ಅಡ್ಡಳತೆ, ಆ ತಿಂಗಳು ಸುಟ್ಟ ಕಲ್ಲಿದ್ದಲು, ಪಂಪು ಹೊಡೆದ ಬಡಿತಗಳ ಲೆಕ್ಕ, ನೀರೆತ್ತಿದ ಆಳ. ಕೊನೆಗೆ, ಒಂದು ಅಳತೆ ಕಲ್ಲಿದ್ದಲಿಗೆ ಎಷ್ಟು ಪೌಂಡ್ ನೀರು ಒಂದಡಿ ಮೇಲೆದ್ದಿತು ಎಂಬ ಅಂಕಿ. ಯಾರ ಯಂತ್ರ ಚೆನ್ನಾಗಿದೆ, ಯಾರದು ಇದ್ದಲು ನುಂಗುತ್ತಿದೆ ಎಂಬುದು ಊರಿಗೆಲ್ಲ ಗೊತ್ತಾಗುತ್ತಿತ್ತು. ಒಬ್ಬ ಎಂಜಿನಿಯರ್ ಮಾಡಿದ ಸುಧಾರಣೆಯನ್ನು ಪಕ್ಕದ ಗಣಿಯವನು ನೋಡಿ, ಕಲಿತು, ಇನ್ನೊಂದಿಷ್ಟು ಸೇರಿಸುತ್ತಿದ್ದ. ಮೂರು ದಶಕಗಳಲ್ಲಿ ಯಂತ್ರಗಳ ಸರಾಸರಿ ದಕ್ಷತೆ ಮೂರು ಪಟ್ಟಿಗೂ ಮೇಲೇರಿತು. ಪೇಟೆಂಟಿನ ಕಾವಲಿಲ್ಲದೆ, ಲೆಕ್ಕವನ್ನು ಬಯಲಲ್ಲಿಟ್ಟು ಸಾಧಿಸಿದ ಪ್ರಗತಿ ಇದು.

ಹಾಗೆ ಪಳಗಿದ ಗಣಿಗಳಲ್ಲೊಂದು ಕನ್ಸಾಲಿಡೇಟೆಡ್ ಮೈನ್ಸ್. 1819ರಿಂದ ಅದನ್ನು ನಡೆಸಿದವನು ಜಾನ್ ಟೇಲರ್. 1880ರಲ್ಲಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿದ ಜಾನ್ ಟೇಲರ್ ಅಂಡ್ ಸನ್ಸ್ ಅವನದೇ ಮನೆತನದ ಸಂಸ್ಥೆ. ಅಷ್ಟರಲ್ಲಿ ಕಾರ್ನ್‌ವಾಲ್ ಸೋತಿತ್ತು. ಚಿಲಿ ಮತ್ತು ಅಮೆರಿಕದ ತಾಮ್ರ 1860ರ ದಶಕದಲ್ಲಿ ಬೆಲೆ ಕೆಡವಿತು; ಆಸ್ಟ್ರೇಲಿಯ, ಮಲಯದ ತವರ ಆಮೇಲೆ. ಗಣಿಗಾರರು ಮೆಕ್ಸಿಕೊ, ಮಿಷಿಗನ್, ದಕ್ಷಿಣ ಆಸ್ಟ್ರೇಲಿಯ, ಕೋಲಾರ ಎಂದು ಚದುರಿದರು. ಉಳಿದ ಗಣಿಗಳಿಗೆ ತವರದ ಬೆಲೆಯನ್ನು ಹಿಡಿದಿಟ್ಟಿದ್ದ ಅಂತರರಾಷ್ಟ್ರೀಯ ತವರ ಮಂಡಳಿ 1985ರಲ್ಲಿ ಕುಸಿದು ಬಿದ್ದದ್ದು ಮರಣದ ಏಟು. ಕೊನೆಯದಾದ ಸೌತ್ ಕ್ರಾಫ್ಟಿ 1998ರಲ್ಲಿ ಮುಚ್ಚಿತು. ಅದಿರು ಇನ್ನೂ ಇತ್ತು. ತೆಗೆದರೆ ಗಿಟ್ಟುತ್ತಿರಲಿಲ್ಲ, ಅಷ್ಟೇ. ಇಂದು ಕಾರ್ನ್‌ವಾಲ್ ಬ್ರಿಟನ್ನಿನ ಬಡ ಪ್ರದೇಶಗಳಲ್ಲೊಂದು. ಕಡಲ ದಂಡೆಯ ಮನೆಗಳನ್ನು ರಜೆಗೆ ಬರುವ ಹೊರಗಿನವರು ಕೊಂಡು, ಊರಿನವರಿಗೆ ಮನೆ ಕೈಗೆಟುಕದಾಗಿದೆ.

ಆದ್ದರಿಂದಲೇ ಲಿಥಿಯಂ ಅನ್ನು 'ಬಿಳಿ ಚಿನ್ನ' ಎನ್ನುವ ತಲೆಬರಹಗಳನ್ನು ನಾನು ನಂಬುವುದಿಲ್ಲ. ಸೇಂಟ್ ಆಸ್ಟೆಲ್‌ನ ಅಭ್ರಕದಲ್ಲಿ ಲಿಥಿಯಂ ಇರುವುದು ಖಚಿತ. ಅದನ್ನು ಬಿಡಿಸುವ ಖರ್ಚು ಗಿಟ್ಟುವುದೇ ಎಂಬುದನ್ನು ಪೇಟೆ ಹೇಳಬೇಕು. 2022ರಲ್ಲಿ ಆಕಾಶಕ್ಕೇರಿದ ಲಿಥಿಯಂ ಬೆಲೆ ಎರಡೇ ವರ್ಷದಲ್ಲಿ ಐದನೇ ಒಂದು ಭಾಗಕ್ಕೂ ಕೆಳಗಿಳಿಯಿತು. ನನ್ನ ಭರವಸೆ ಇರುವುದು ಅದೇ ಬಂಡೆಯ ಬಿಸಿಯ ಮೇಲೆ. ಅದರೊಳಗಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಇಷ್ಟು ಕೋಟಿ ವರ್ಷಗಳಿಂದ ಕ್ಷಯಿಸುತ್ತಾ ಶಾಖ ಬಿಡುತ್ತಲೇ ಇವೆ. ಮನೆಗಳೊಳಗೆ ರೇಡಾನ್ ಅನಿಲ ಸೇರಿಕೊಳ್ಳುವುದೂ ಇದರಿಂದಲೇ. ಅದನ್ನು ಅಳೆದು, ಗಾಳಿ ಹೊರಹಾಕುವ ವ್ಯವಸ್ಥೆ ಮಾಡಿಕೊಳ್ಳಬೇಕಾಗುತ್ತದೆ. ರೆಡ್ರುತ್ ಬಳಿಯ ಯುನೈಟೆಡ್ ಡೌನ್ಸ್‌ನಲ್ಲಿ 5,275 ಮೀಟರ್ ಆಳದ ಬಾವಿ ಕೊರೆದಿದ್ದಾರೆ. ತಳದಲ್ಲಿ ಕುದಿಯುವ ನೀರಿಗಿಂತ ಎಷ್ಟೋ ಹೆಚ್ಚು ಬಿಸಿ. ಆ ಬಿಸಿನೀರಿನಲ್ಲಿ ಲಿಥಿಯಂ ಕೂಡ ಇದೆ. ಅದರ ಬೆಲೆ ಬಿದ್ದ ವರ್ಷವೂ ಶಾಖ ಮಾರಾಟಕ್ಕಿರುತ್ತದೆ.