ಉಂಗ್ರದಿಂದ ಕಲಿಯಬೇಕಾದ ಗೋಡೆ ಕೆಲಸ

ಮನೆ ಕಟ್ಟಿಸುವವರು ಗುಬ್ಬಿಯಲ್ಲಿರಲಿ, ತುಮಕೂರಿನ ಹೊಸ ಬಡಾವಣೆಯಲ್ಲಿರಲಿ, ದೂರು ಒಂದೇ: ‘ಆಳು ಸಿಗೋದಿಲ್ಲ, ಸಿಕ್ಕಿದರೂ ಕೆಲಸ ಸಾಗೋದಿಲ್ಲ.’ ಕಟ್ಟಡದ ಹತ್ತಿರ ಒಂದಿಷ್ಟು ಹೊತ್ತು ನಿಂತು ನೋಡಿದರೆ ಕಾರಣ ಕಾಣುತ್ತದೆ. ಸಾರವೆಯ ಮೇಲೆ ಗಾರೆಯವರು ಕರಣೆ ಹಿಡಿದು ಕಲಸಿಗೆ ಕಾಯುತ್ತಿರುತ್ತಾರೆ. ಕಲಸುವವರು ನೀರಿನ ಟ್ಯಾಂಕರ್‌ಗೆ ಕಾಯುತ್ತಿರುತ್ತಾರೆ. ರಸ್ತೆಯಂಚಿನಲ್ಲಿ ಸುರಿದ ಎಂ-ಸ್ಯಾಂಡನ್ನು ಬಾಂಡ್ಲಿಯಲ್ಲಿ ಒಳಗೆ ಹೊತ್ತು, ಅದನ್ನೇ ಮತ್ತೆ ಮೇಲಕ್ಕೆ ಸಾಗಿಸುವುದರಲ್ಲಿ ಹೆಣ್ಣಾಳುಗಳ ಬೆನ್ನು ಬಾಗಿರುತ್ತದೆ. ಇಲ್ಲಿ ಯಾರೂ ಮೈಗಳ್ಳರಲ್ಲ. ಕೆಲಸವನ್ನೇ ಯಾರೂ ಹೊಂದಿಸಿಟ್ಟಿಲ್ಲ.

ಕೆಲಸದ ಜಾಗದಲ್ಲಿ ಕೈಗಳನ್ನೂ ಸಾಮಗ್ರಿಯನ್ನೂ ಹೊಂದಿಸುವ ವಿದ್ಯೆಯೊಂದು ಇದೇ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ, ಸುಮಾರು ಅರ್ಧ ಶತಮಾನದ ಹಿಂದೆ ಬೇರುಬಿಟ್ಟಿತ್ತು. ಆ ಊರಿನ ಹೆಸರು ಉಂಗ್ರ.

ಪ್ರಯೋಗಾಲಯದಿಂದ ಹಳ್ಳಿಗೆ

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಹುಟ್ಟಿತು. ಹಳ್ಳಿಗಳಿಗೆ ಬೇಕಾದ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ರೂಪಿಸುವುದು ಅದರ ಉದ್ದೇಶ. ಸತೀಶ್ ಧವನ್ ಆಗ ಸಂಸ್ಥೆಯ ನಿರ್ದೇಶಕರು. ತಂಡವನ್ನು ಕಟ್ಟಿದವರು ಅಮೂಲ್ಯ ಕೆ.ಎನ್. ರೆಡ್ಡಿ. ವಿದ್ಯುದ್ರಸಾಯನ ವಿಜ್ಞಾನದಲ್ಲಿ ಜಗತ್ತಿನ ವಿಶ್ವವಿದ್ಯಾಲಯಗಳು ಓದಿಸುವ ಪಠ್ಯಪುಸ್ತಕದ ಸಹಲೇಖಕರಾಗಿದ್ದ ಅವರು ಒಲೆ, ಸೌದೆ, ನೀರು, ಮನೆಗಳ ಕಡೆಗೆ ಹೊರಳಿದರು. ತಂಡದ ವಿಸ್ತರಣಾ ಕೇಂದ್ರ ನೆಲೆಯೂರಿದ್ದು ಉಂಗ್ರದಲ್ಲಿ. ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಯಾರು ಎಷ್ಟು ದುಡಿಯುತ್ತಾರೆ, ಎಷ್ಟು ಸೌದೆ ಉರಿಯುತ್ತದೆ ಎಂದು ಲೆಕ್ಕ ಹಾಕಿದರು. ಊರು ಬಳಸುವ ಶಕ್ತಿಯಲ್ಲಿ ಸಿಂಹಪಾಲು ಸೌದೆಯದೇ ಆಗಿತ್ತು. ಕರ್ನಾಟಕದ ಅಡುಗೆಮನೆಗಳಿಗೆ ಬಂದ ‘ಅಸ್ತ್ರ ಒಲೆ’ ಈ ತಂಡದ ಕೊಡುಗೆ.

ಗೋಡೆಯ ಪ್ರಶ್ನೆಯೂ ಸೌದೆಗೇ ಬಂದು ನಿಲ್ಲುತ್ತಿತ್ತು. ಬಡವರು ಕಟ್ಟುತ್ತಿದ್ದುದು ಮಣ್ಣಿನ ಗೋಡೆ. ಮಣ್ಣು ತುಳಿದು ಹದಮಾಡಿ ಒಂದು ವರಸೆ ಇಟ್ಟರೆ, ಅದು ಬಿಗಿಯುವ ತನಕ ಮುಂದಿನ ವರಸೆ ಇಡುವಂತಿಲ್ಲ. ಕಟ್ಟಿ ಮುಗಿಸಿದ ಮೇಲೂ ಮಳೆಗೆ ಬುಡ ಕೊರೆಯುತ್ತಿತ್ತು. ಸುಟ್ಟ ಇಟ್ಟಿಗೆ ಮಳೆಗೆ ಜಗ್ಗದು, ಆದರೆ ಅದರ ಗೂಡಿಗೆ ಬೇಕಾದದ್ದು ಒಲೆಗೂ ಸಾಲದ ಸೌದೆ. ಸುಡದೆಯೇ ಮಣ್ಣನ್ನು ಗಟ್ಟಿಮಾಡಿ, ಮನೆ ಕಟ್ಟುವ ಜಾಗದಲ್ಲೇ, ಊರಿನ ಆಳುಗಳಿಂದಲೇ ಒಂದೇ ಅಳತೆಯ ಇಟ್ಟಿಗೆ ಮಾಡಿಸಲು ಸಾಧ್ಯವೇ? ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಕೆ.ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಹಿಡಿದ ಪ್ರಶ್ನೆ ಇದು.

ಮಣ್ಣಿಗೆ ಸಿಮೆಂಟು ಬೆರೆಸುವುದು ಹೊಸ ವಿಚಾರವಾಗಿರಲಿಲ್ಲ. ದೇಶ ವಿಭಜನೆಯ ನಂತರ 1948ರಲ್ಲಿ ಕರ್ನಾಲ್‌ನಲ್ಲಿ ಸಿಮೆಂಟು ಬೆರೆಸಿದ ಮಣ್ಣನ್ನು ದಮ್ಮಸು ಮಾಡಿ ಸುಮಾರು 4,000 ಮನೆ ಕಟ್ಟಿದ್ದರು. 1950ರ ದಶಕದಲ್ಲಿ ಕೊಲಂಬಿಯಾದಲ್ಲಿ ರೌಲ್ ರಮಿರೆಜ್ ‘ಸಿನ್ವಾ-ರಾಮ್’ ಎಂಬ ಕೈಯಂತ್ರ ರೂಪಿಸಿದ್ದರು. ಇಂಥ ಅನುಭವಗಳ ಬೆನ್ನಿಗೇ ಜಗದೀಶ್ ಅವರ ತಂಡ ನಮ್ಮ ಕೆಮ್ಮಣ್ಣಿಗೆ, ನಮ್ಮ ಆಳುಗಳಿಗೆ ಒಗ್ಗುವ ಒತ್ತುಯಂತ್ರ ಸಿದ್ಧಪಡಿಸಿತು. ಅದೇ ‘ಅಸ್ತ್ರಾಮ್’.

ಹಿಡಿಕೋಲಿನ ಸುತ್ತ ಆರು ಜನ

ಯಂತ್ರವೇನೂ ತೊಡಕಿನದಲ್ಲ. ಉಕ್ಕಿನ ಅಚ್ಚು, ಮೇಲೊಂದು ಮುಚ್ಚಳ, ಉದ್ದನೆಯ ಹಿಡಿಕೋಲು. ಕರೆಂಟು ಬೇಡ, ಡೀಸೆಲ್ ಬೇಡ. ಹಿಡಿಕೋಲು ಕೆಳಗಿಳಿದಷ್ಟೂ ಕೀಲುಗಳು ನೇರವಾಗಿ ಒತ್ತಡ ಹೆಚ್ಚುತ್ತದೆ, ಮಣ್ಣು ಹೆಚ್ಚು ಬಿಗಿಯಾಗಬೇಕಾದ ಕೊನೆಯ ಗಳಿಗೆಯಲ್ಲಿ ಬಲವೂ ಹೆಚ್ಚು ಬೀಳುತ್ತದೆ.

ನಿಜವಾದ ಜಾಣ್ಮೆ ಯಂತ್ರದ ಸುತ್ತಲಿನ ಕೆಲಸದಲ್ಲಿದೆ. ಒಬ್ಬರು ಮಣ್ಣನ್ನು ಜರಡಿ ಹಿಡಿಯುತ್ತಾರೆ. ಜೇಡಿ ಹೆಚ್ಚಿದ್ದರೆ ಮರಳನ್ನೋ ಕ್ವಾರಿ ಪುಡಿಯನ್ನೋ ಸೇರಿಸುತ್ತಾರೆ. ಮತ್ತಿಬ್ಬರು ನೂರು ಪಾಲಿಗೆ ಐದರಿಂದ ಎಂಟು ಪಾಲಿನಷ್ಟು ಸಿಮೆಂಟು ಹಾಕಿ ಒಣಗಲಸು ಮಾಡಿ, ಆಮೇಲೆ ನೀರು ಚಿಮುಕಿಸುತ್ತಾರೆ. ಅಂಗೈಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬೇಕು, ಕೈಗೆ ಅಂಟಬಾರದು. ಅದೇ ಹದ. ಒಬ್ಬರು ತಕ್ಕಡಿಯಲ್ಲಿ ತೂಗಿ ಅಚ್ಚಿಗೆ ಸುರಿಯುತ್ತಾರೆ. ಪ್ರತಿ ಸಲವೂ ಅದೇ ತೂಕ, ಏಕೆಂದರೆ ತೂಕ ತಪ್ಪಿದರೆ ಬಿಗಿ ತಪ್ಪುತ್ತದೆ. ಒಬ್ಬರು ಒತ್ತುತ್ತಾರೆ, ಮುಚ್ಚಳ ತೆರೆದು ಅದೇ ಹಿಡಿಕೋಲಿನಿಂದ ಇಟ್ಟಿಗೆಯನ್ನು ಮೇಲಕ್ಕೆ ತಳ್ಳುತ್ತಾರೆ. ಆರನೆಯವರು ಅದನ್ನು ಅಂಚು ಮುರಿಯದಂತೆ ಎತ್ತಿ ಸಾಲಾಗಿ ಜೋಡಿಸುತ್ತಾರೆ. ಆಮೇಲೆ ಮೂರು ವಾರ ನೀರುಣಿಸಬೇಕು.

ಇಲ್ಲಿ ಕಲಿಯುವುದು ಬಹಳ ಇದೆ. ನೀರು ಬಿದ್ದ ಸಿಮೆಂಟು ಯಾರಿಗೂ ಕಾಯುವುದಿಲ್ಲ, ಆದ್ದರಿಂದ ಒಮ್ಮೆಗೆ ಸ್ವಲ್ಪವೇ ಕಲಸಬೇಕು. ದೊಡ್ಡ ಗುಡ್ಡೆ ಕಲಸಿದರೆ ಕೊನೆಯ ಇಟ್ಟಿಗೆಗಳು ಸಡಿಲಾಗುತ್ತವೆ. ಒತ್ತುವುದು ಕ್ಷಣದ ಕೆಲಸ. ತಂಡ ನಿಧಾನವಾಗುವುದು ಜರಡಿ ಮತ್ತು ಕಲಸಿನ ಹತ್ತಿರ, ಹಾಗಾಗಿ ಹೆಚ್ಚಿನ ಕೈಗಳು ಅಲ್ಲಿರಬೇಕು. ಮಣ್ಣಿನ ಗುಡ್ಡೆ, ಜರಡಿ, ಕಲಸುವ ಹಾಸು, ಯಂತ್ರ, ಇಟ್ಟಿಗೆಯ ಸಾಲು ಒಂದರ ಪಕ್ಕ ಒಂದಿದ್ದರೆ ನಡಿಗೆ ಉಳಿಯುತ್ತದೆ. ಹೊಂದಿಕೊಂಡ ತಂಡ ದಿನಕ್ಕೆ ಸಾಮಾನ್ಯವಾಗಿ 400ರಿಂದ 600 ಇಟ್ಟಿಗೆ ತೆಗೆಯುತ್ತದೆ.

ಒಂದೊಂದೂ ನಾಡ ಇಟ್ಟಿಗೆಯ ಎರಡು ಪಟ್ಟಿಗೂ ದೊಡ್ಡದು. 230, 190, 100 ಮಿಲಿಮೀಟರ್ ಒಂದು ಅಳತೆ. 305, 143, 100 ಇನ್ನೊಂದು. ಅಂಚು ನೇರ, ಅಳತೆ ಸಮ. ಗಾರೆಯವರು ಹೆಚ್ಚು ತೂಗುಗುಂಡು ಬಿಡಬೇಕಿಲ್ಲ, ಸಂದುಗಳು ಕಡಿಮೆ, ಹೊರಗೆ ಪ್ಲಾಸ್ಟರ್ ಇಲ್ಲದೆಯೂ ನಡೆಯುತ್ತದೆ. ಸುಟ್ಟ ಇಟ್ಟಿಗೆಗೆ ಹೋಲಿಸಿದರೆ ಶಕ್ತಿಯ ವೆಚ್ಚ ಅರ್ಧಕ್ಕಿಂತ ಕಡಿಮೆ.

ಹೊರಗೆ ಹಬ್ಬಿದ್ದು, ಇಲ್ಲಿ ಉಳಿಯಬೇಕಾದ್ದು

ಬಿ.ವಿ. ವೆಂಕಟರಾಮ ರೆಡ್ಡಿ ಅವರಂಥ ಸಂಶೋಧಕರು ಈ ಇಟ್ಟಿಗೆಯ ಬಲ, ಗಾರೆ, ಬಾಳಿಕೆಯ ಬಗ್ಗೆ ದಶಕಗಳ ಕಾಲ ದುಡಿದರು. ಬೆಂಗಳೂರಿನಲ್ಲಿ ಚಿತ್ರಾ ವಿಶ್ವನಾಥ್ ಅವರಂಥ ವಾಸ್ತುಶಿಲ್ಪಿಗಳು ಮಣ್ಣಿನ ಮನೆಯನ್ನು ನಗರದವರೂ ಮೆಚ್ಚುವಂತೆ ಮಾಡಿದರು. 1990ರಲ್ಲಿ ಆರೋವಿಲ್‌ನವರು ತಮ್ಮದೇ ‘ಔರಾಮ್’ ಯಂತ್ರ ತಂದರು. ಮಣ್ಣಿನ ಇಟ್ಟಿಗೆಗೆಂದೇ ಇರುವ ಭಾರತೀಯ ಮಾನಕ ಐಎಸ್ 1725 ಪರಿಷ್ಕೃತಗೊಂಡು 2013ರಲ್ಲಿ ಮತ್ತೆ ಬಂತು.

ಎಲ್ಲ ಮಣ್ಣೂ ಇದಕ್ಕೆ ಒಗ್ಗುವುದಿಲ್ಲ. ಎರೆಮಣ್ಣು ನೀರಿಗೆ ಉಬ್ಬಿ, ಬಿಸಿಲಿಗೆ ಬಿರಿಯುತ್ತದೆ. ಅದಕ್ಕೆ ಸಿಮೆಂಟೊಂದೇ ಸಾಲದು, ಸುಣ್ಣ ಬೇಕು. ಮಣ್ಣು ಪರೀಕ್ಷಿಸದೆ, ತೂಗದೆ, ನೀರುಣಿಸದೆ ಮಾಡಿದ ಇಟ್ಟಿಗೆ ಹುಡಿಯಾಗಿ ಹೆಸರು ಕೆಡಿಸುತ್ತದೆ. ಟ್ರಾಕ್ಟರ್‌ನಲ್ಲಿ ಬಂದು ಇಳಿಯುವ ಸಾಲಿಡ್ ಬ್ಲಾಕಿನ ಮುಂದೆ ಈ ಶಿಸ್ತು ಅನೇಕರಿಗೆ ರಗಳೆ ಅನಿಸುವುದು ಸಹಜ.

ಆದರೂ ಆ ಶಿಸ್ತೇ ನಮಗೆ ಬೇಕಾಗಿರುವುದು. ಸಾಲಿಡ್ ಬ್ಲಾಕಿನಲ್ಲಿ ಕಟ್ಟುವವರೂ ಮರಳನ್ನು ಕಲಸುವ ಜಾಗದ ಪಕ್ಕದಲ್ಲೇ ಇಳಿಸಬಹುದು, ನೀರನ್ನು ಹಿಂದಿನ ಸಂಜೆಯೇ ತುಂಬಿಸಿಡಬಹುದು, ಗಾರೆಯವರು ಮುಗಿಸುವಷ್ಟೇ ಕಲಸಬಹುದು, ಕೆಲಸ ಎಲ್ಲಿ ಕಟ್ಟಿಕೊಂಡಿದೆಯೋ ಅಲ್ಲಿಗೆ ಒಬ್ಬ ಆಳನ್ನು ಹೆಚ್ಚು ಹಾಕಬಹುದು. ಇದಕ್ಕೆ ಹೊಸ ಯಂತ್ರ ಬೇಡ, ಮೇಸ್ತ್ರಿಗೆ ತರಬೇತಿ ಬೇಕು. ತುಮಕೂರಿನಲ್ಲಿ ನಿರ್ಮಿತಿ ಕೇಂದ್ರವಿದೆ, 1963ರಿಂದ ಎಂಜಿನಿಯರುಗಳನ್ನು ರೂಪಿಸುತ್ತಿರುವ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವಿದೆ. ಮೇಸ್ತ್ರಿಗಳನ್ನೂ ಹೆಣ್ಣಾಳುಗಳನ್ನೂ ಒಟ್ಟಿಗೆ ಕೂರಿಸಿ, ಕೆಲಸದ ಜಾಗದಲ್ಲೇ ಈ ಪಾಠ ಹೇಳಿಕೊಡಲು ಇಷ್ಟು ಸಾಕು. ಹಾಗೆ ಉಳಿದ ದಿನಗಳ ಲಾಭದಲ್ಲಿ ಬಾಂಡ್ಲಿ ಹೊತ್ತವರಿಗೂ ಪಾಲು ಸಿಗಬೇಕು. ಅವರ ಕೂಲಿ ಏರದೆ ಕೆಲಸ ಮಾತ್ರ ಚುರುಕಾದರೆ, ಆ ಚುರುಕು ಹೆಚ್ಚು ದಿನ ಬಾಳುವುದಿಲ್ಲ.