ಚೀಟಿಯ ಸಂಖ್ಯೆ: 9 ದೊಡ್ಡದೋ, 10 ದೊಡ್ಡದೋ?

ಮೂಟೆ ತೂಗಿಸಿದ ಮೇಲೆ ನಾವು ತೂಕ ನೋಡುತ್ತೇವೆ, ದರ ನೋಡುತ್ತೇವೆ. ಚೀಟಿಯ ಸಂಖ್ಯೆಯನ್ನು ಮಾತ್ರ ಗುಮಾಸ್ತರಿಗೆ ಬಿಟ್ಟು ಜೇಬಿಗೆ ಹಾಕುತ್ತೇವೆ. ಕಂಪ್ಯೂಟರಿನ ಲೆಕ್ಕದಲ್ಲಿ ನಮ್ಮ ಮಾಲನ್ನು ಗುರುತಿಸುವುದು ಆ ಸಂಖ್ಯೆಯೇ.

ಕೈಬರಹದ ಪುಸ್ತಕದಲ್ಲಿ 'ಚಾ-9' ಆದ ಮೇಲೆ 'ಚಾ-10' ಬರೆಯಲು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ಕಂಪ್ಯೂಟರಿಗೆ ಹೇಳಿಕೊಡಬೇಕು. ಚಾಲಿಗೆ 'ಚಾ', ಪಾರ್ಚ್‌ಮೆಂಟಿಗೆ 'ಪಾ' ಎಂದು ಅಕ್ಷರ ಸೇರಿಸಿದೊಡನೆ ಅದರ ಪಾಲಿಗೆ ಅದು ಸಂಖ್ಯೆಯಲ್ಲ, ಬರೀ ಪದ. ಪದಗಳನ್ನು ಅದು ನಿಘಂಟಿನಂತೆ ಎಡದಿಂದ ಒಂದೊಂದೇ ಗುರುತು ಹೋಲಿಸಿ ಜೋಡಿಸುತ್ತದೆ. 9ನ್ನು 10ರ ಮೊದಲ 1ರ ಎದುರಿಟ್ಟು, 'ಚಾ-9'ನ್ನೇ ಹಿರಿದೆಂದು ತೀರ್ಮಾನಿಸುತ್ತದೆ. ಮುಂದಿನ ಸೊನ್ನೆಯ ಕಡೆ ತಿರುಗಿಯೂ ನೋಡುವುದಿಲ್ಲ.

'ಕೊನೆಯ ಸಂಖ್ಯೆಗೆ ಒಂದು ಕೂಡಿಸಿ ಹೊಸ ಚೀಟಿ ಕೊಡು' ಎಂಬ ಆಜ್ಞೆಯಿದ್ದರೆ ಆಮೇಲೆ ಬಂದವರಿಗೆಲ್ಲ 'ಚಾ-10' ಚೀಟಿಯೇ! ಒಬ್ಬರ ಮಾಲಿನ ಹಣ ಇನ್ನೊಬ್ಬರ ಖಾತೆಗೆ ಹೋಗಲು ಇಷ್ಟು ಸಾಕು. ಒಂದೇ ಸಂಖ್ಯೆ ಎರಡು ಸಲ ಕೂಡದೆಂಬ ಕಟ್ಟುಪಾಡು ಹಾಕಿದ್ದರೆ ಯಂತ್ರ ಚೀಟಿ ಕೊಡದೆ ನಿಂತುಬಿಡುತ್ತದೆ. ಸಾಲು ನಿಂತವರಿಗೆ ಕಿರಿಕಿರಿಯಾದರೂ ಅದೇ ಲೇಸು.

ಪರಿಹಾರ ಕಷ್ಟದ್ದಲ್ಲ, ಆದರೆ ಕ್ರಮ ಮುಖ್ಯ. ಮೊದಲು ಅಕ್ಷರ ಕಳೆಯಬೇಕು, ಉಳಿದದ್ದನ್ನು ಸಂಖ್ಯೆಯಾಗಿಸಬೇಕು, ಆಮೇಲೆ ದೊಡ್ಡದನ್ನು ಕೇಳಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಸಬ್‌ಸ್ಟ್ರಿಂಗ್, ಕಾಸ್ಟ್, ಮ್ಯಾಕ್ಸ್ ಎಂಬ ಆಜ್ಞೆಗಳು ಈ ಕೆಲಸಕ್ಕಿವೆ. ಅಕ್ಷರ ಕಳೆಯದೆ ಕಾಸ್ಟ್ ಮಾಡಿದರೆ ಅದು 0 ಎನ್ನುತ್ತದೆ. ಎಕ್ಸೆಲ್‌ನ ಮ್ಯಾಕ್ಸ್ ಅಂತೂ ಪದವಿರುವ ಮನೆಗಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಕನ್ನಡದಲ್ಲಿ ಇನ್ನೊಂದು ತೊಡಕುಂಟು. 'ಚಾ' ನಮಗೆ ಒಂದು ಅಕ್ಷರ. ಯೂನಿಕೋಡ್‌ನಲ್ಲಿ 'ಚ' ಒಂದು, ದೀರ್ಘದ ಗುರುತು ಇನ್ನೊಂದು. ಅಡ್ಡಗೆರೆ ಸೇರಿ ಮೂರು ಗುರುತು ಕಳೆಯಬೇಕಾದಲ್ಲಿ ಎರಡೇ ಕಳೆದರೆ ಉಳಿಯುವ '-10' ಋಣಸಂಖ್ಯೆಯಾಗುತ್ತದೆ. ಆಗ ವರ್ಷದ ಮೊದಲ ಚೀಟಿಯೇ ಎಲ್ಲಕ್ಕಿಂತ ದೊಡ್ಡದು! '೧೦' ಎಂದು ಕನ್ನಡ ಅಂಕಿಯಲ್ಲಿ ದಾಖಲಿಸಿದ್ದರೆ ಕಾಸ್ಟ್ ಅದನ್ನೂ 0 ಎಂದೇ ಎಣಿಸುತ್ತದೆ. ಚೀಟಿಯಲ್ಲಿ ಕನ್ನಡ ಅಂಕಿ ಅಚ್ಚಾಗಲಿ, ಸಂತೋಷ. ಒಳಗಿನ ದಾಖಲೆ ಬೇರೆ.

ನಮ್ಮ ಅಭಿಪ್ರಾಯದಲ್ಲಿ ಈ ಕತ್ತರಿಸುವ ಕೆಲಸವೇ ಬೇಡ. ಮಾಲಿನ ಅಕ್ಷರಕ್ಕೊಂದು ಕಂಬಸಾಲು, ಸಂಖ್ಯೆಗೊಂದು ಕಂಬಸಾಲು ಇಟ್ಟು, ಅಚ್ಚು ಹಾಕುವಾಗ ಮಾತ್ರ ಕೂಡಿಸಲಿ. ಹಳೆಯ ಪಟ್ಟಿ ಬದಲಿಸಲಾಗದ ಕಡೆ 'ಚಾ-00009' ಎಂದು ಮುಂದೆ ಸೊನ್ನೆ ತುಂಬಿದರೂ ನಡೆದೀತು.

10, 100, 1000 ದಾಟುವಾಗಲೇ ಈ ತೊಂದರೆ ಕಾಣುವುದು. ಆ ಆಸುಪಾಸಿನ ಚೀಟಿ ನಿಮ್ಮಲ್ಲಿದ್ದರೆ ಪಾವತಿಗೆ ಮೊದಲು ಕಚೇರಿಯ ಪಟ್ಟಿಯೊಂದಿಗೆ ತಾಳೆ ನೋಡಬೇಕೆಂದು ಕೋರುತ್ತೇವೆ.