ಹಳ್ಳಿಯ ಮನೆಗೆ ಅಂತರ್ಜಾಲ: ಆಯ್ಕೆಯ ವಿವೇಕ

ವಿದ್ಯೆಯು ಗುರುಮುಖದಿಂದಲೇ ಬರಬೇಕೆಂಬದು ನಮ್ಮ ಹಿರಿಯರ ಮತ. ಆ ಮತವನ್ನು ನಾನು ಇಂದಿಗೂ ಬಿಟ್ಟವನಲ್ಲ. ಆದರೆ 2020ರ ಮಾರ್ಚ್ ತಿಂಗಳಲ್ಲಿ ಮಹಾಮಾರಿಯ ಕಾರಣದಿಂದ ಶಾಲೆಗಳ ಬಾಗಿಲು ಮುಚ್ಚಿದಾಗ ಗುರುವಿನ ಮುಖವೇ ಅಂಗೈಯಗಲದ ಗಾಜಿನಲ್ಲಿ ಕಾಣಬೇಕಾಯಿತು. ‘ರೇಂಜ್’ ಹುಡುಕುತ್ತ ಮಾಳಿಗೆಯನ್ನೂ ಗುಡ್ಡದ ನೆತ್ತಿಯನ್ನೂ ಏರಿದ ಮಕ್ಕಳನ್ನು ನಾವೆಲ್ಲ ಕಂಡೆವು. ಆ ಕಾಲ ಕಳೆದರೂ ಅವಶ್ಯಕತೆ ಕಳೆಯಲಿಲ್ಲ. ಶಿಷ್ಯವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಹೊಲದ ಪಹಣಿ, ದೂರದಲ್ಲಿರುವ ಮಗನ ಮುಖದರ್ಶನ ಇವೆಲ್ಲವೂ ಇಂದು ಅಂತರ್ಜಾಲದ ಹಾದಿಯಲ್ಲೇ ಬರುವವು. ಆದ್ದರಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ಮನೆ ಮಾಡಿಕೊಂಡಿರುವವರು ಯಾವ ಸೇವೆಯನ್ನು, ಏನನ್ನು ವಿಚಾರಿಸಿ ಆರಿಸಿಕೊಳ್ಳಬೇಕೆಂಬದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ನಿರೂಪಿಸುವೆನು.

ಮೊದಲು ಒಂದು ದೃಷ್ಟಾಂತ. ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಇದೆ. ಅಲ್ಲಿಂದ ಮುಖ್ಯ ಕಾಲುವೆ, ಅದರಿಂದ ಉಪಕಾಲುವೆ, ಕೊನೆಗೆ ಹೊಲಗಾಲುವೆ. ಅಣೆಕಟ್ಟು ತುಂಬಿದ ಮಾತ್ರಕ್ಕೆ ಕಾಲುವೆಯ ಕೊನೆಯ ರೈತನ ಬೆಳೆಗೆ ನೀರು ಬಂತೆಂದು ಯಾರೂ ನಂಬರು. ಅಂತರ್ಜಾಲದ ಸ್ಥಿತಿಯೂ ಅದೇ. ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯತಿಗಳಿಗೆ ಗಾಜಿನ ಎಳೆಯ ತಂತಿಯನ್ನು ಮುಟ್ಟಿಸುವ ಯೋಜನೆಗೆ ಕೇಂದ್ರ ಸಂಪುಟವು 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ಈಗ ‘ಭಾರತ್‌ನೆಟ್’ ಎಂಬ ಹೆಸರಿನದು. 2023ರ ಆಗಸ್ಟ್‌ನಲ್ಲಿ ಅದರ ಪರಿಷ್ಕೃತ ರೂಪಕ್ಕೆ 1.39 ಲಕ್ಷ ಕೋಟಿ ರೂಪಾಯಿಗಳ ಮಂಜೂರಾತಿ ದೊರೆಯಿತು. ಆದರೆ ಪಂಚಾಯತಿಯ ಕಟ್ಟಡದವರೆಗೆ ಬಂದದ್ದು ಮುಖ್ಯ ಕಾಲುವೆ ಮಾತ್ರ. ಅಲ್ಲಿಂದ ನಮ್ಮ ಪಡಸಾಲೆಯವರೆಗಿನ ಹೊಲಗಾಲುವೆಯನ್ನು ತೋಡುವವರು ಯಾರು, ಅದು ಕಟ್ಟಿಕೊಂಡರೆ ಹೂಳು ತೆಗೆಯುವವರು ಯಾರು ಎಂಬದೇ ಮುಖ್ಯ ಪ್ರಶ್ನೆ. ಸೇವೆಯ ಒಳಿತು ಕೆಡುಕುಗಳು ಬಹುಮಟ್ಟಿಗೆ ಈ ಕೊನೆಯ ಮೈಲಿಯಲ್ಲಿಯೇ ನಿರ್ಣಯವಾಗುವವು.

ಈ ಹೊಲಗಾಲುವೆಗಳು ನಾಲ್ಕು ಬಗೆಯವು.

ಮೊದಲನೆಯದು ಫೈಬರ್. ಕೂದಲಿನಂತೆ ತೆಳುವಾದ ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ವೇಗದಲ್ಲಿ ಸಂಚರಿಸುವದು. ಮಳೆ, ಮೋಡ, ಗುಡ್ಡ ಯಾವುದರ ಬಾಧೆಯೂ ಆ ಬೆಳಕಿಗಿಲ್ಲ. ಬಿಎಸ್‌ಎನ್‌ಎಲ್ ಮತ್ತು ಖಾಸಗಿ ಸಂಸ್ಥೆಗಳು ಅನೇಕ ಕಡೆ ಊರಿನ ಕೇಬಲ್‌ನವರ ಮೂಲಕವೇ ಇದನ್ನು ಮನೆಗೆ ತಲುಪಿಸುವವು. ದೊರೆಯುವಲ್ಲಿ ಇದೇ ಉತ್ತಮ. ಇದರ ಶತ್ರುಗಳು ಬೇರೆ. ರಸ್ತೆ ಅಗೆಯುವ ಜೆಸಿಬಿ ಒಂದು, ಕಬ್ಬಿನ ಸುಗ್ಗಿಯಲ್ಲಿ ಎತ್ತರಕ್ಕೆ ಹೇರಿಕೊಂಡು ಬರುವ ಟ್ರ್ಯಾಕ್ಟರು ಇನ್ನೊಂದು. ಕಂಬದಿಂದ ಕಂಬಕ್ಕೆ ಜೋತುಬಿದ್ದ ತಂತಿ ಹೇರಿಗೆ ಸಿಕ್ಕಿ ಹರಿದರೆ, ಅದನ್ನು ಬೆಸೆಯುವ ಯಂತ್ರವುಳ್ಳವನು ಬರುವವರೆಗೆ ಮನೆ ಮೌನ.

ಎರಡನೆಯದು ನಿಸ್ತಂತು ಗೃಹಸಂಪರ್ಕ. ದೇಶದಲ್ಲಿ 2022ರ ಅಕ್ಟೋಬರ್ 1ರಂದು ಐದನೆಯ ತಲೆಮಾರಿನ ಸೇವೆ ಆರಂಭವಾಯಿತು. ಮರುವರ್ಷವೇ ಏರ್‌ಟೆಲ್ ಮತ್ತು ಜಿಯೋ ಸಂಸ್ಥೆಗಳು ‘ಏರ್‌ಫೈಬರ್’ ಎಂಬ ಹೆಸರಿನಲ್ಲಿ ಗೋಪುರದಿಂದ ಮನೆಗೆ ಗಾಳಿಯ ಮೂಲಕ ಸಂಪರ್ಕ ಕೊಡತೊಡಗಿದವು. ಹೆಸರಿನಲ್ಲಿ ಫೈಬರ್ ಇದ್ದರೂ ಮನೆಯವರೆಗೆ ಬರುವದು ತಂತಿಯಲ್ಲ, ತರಂಗ. ಗೋಪುರವು ಸಮೀಪದಲ್ಲಿದ್ದು ನಡುವೆ ಅಡ್ಡಿಯಿಲ್ಲದಿದ್ದರೆ ಇದು ಸೊಗಸಾಗಿ ನಡೆಯುವದು.

ಮೂರನೆಯದು ಎಲ್ಲರೂ ಬಲ್ಲ ಮೊಬೈಲ್. ನಾಲ್ಕನೆಯದು ಉಪಗ್ರಹ. ಹಳೆಯ ಬಗೆಯ ಉಪಗ್ರಹಗಳು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವದರಿಂದ ಕೇಳಿದ ಪ್ರಶ್ನೆಗೆ ಉತ್ತರ ಬರಲು ಅರ್ಧ ಸೆಕೆಂಡಾದರೂ ಬೇಕು. ಮಾತುಕತೆಯಲ್ಲಿ ಈ ವಿಳಂಬ ಕಿವಿಗೆ ತಟ್ಟುವದು. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಹೊಸ ಬಗೆಯ ಉಪಗ್ರಹಗಳಿಗೆ ಈ ದೋಷವಿಲ್ಲ. ಅಂಥ ಸೇವೆಯ ಸ್ಟಾರ್‌ಲಿಂಕ್ ಸಂಸ್ಥೆಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಿಗೆ ದೊರೆಯಿತು. ಆದರೂ ಬೇರೆ ದಾರಿ ಇದ್ದವರು ಆಕಾಶದ ಕಡೆ ನೋಡಬೇಕಾಗಿಲ್ಲ.

ಇನ್ನು ನೆಲದ ಗುಣ. ಬೈಲಹೊಂಗಲದ ಎರೆಭೂಮಿ ಬಹುಪಾಲು ಬಯಲು. ಅಲ್ಲಿ ತರಂಗಕ್ಕೆ ಅಡ್ಡಿ ಕಡಿಮೆ. ಕಿತ್ತೂರು ರಾಷ್ಟ್ರೀಯ ಹೆದ್ದಾರಿ 48ರ ಮೇಲಿದೆ. ಆದರೆ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ಸರಿದಂತೆ ಗಿಡಮರಗಳ ದಟ್ಟಣೆ, ಮಳೆ ಎರಡೂ ಹೆಚ್ಚುವವು. ಸವದತ್ತಿಯಲ್ಲಿ ಗುಡ್ಡದ ಬೆನ್ನಿಗಿರುವ ಊರು ಗೋಪುರದ ನೆರಳಿನಲ್ಲಿ ಉಳಿಯಬಹುದು. ಭಾರತ ಹುಣ್ಣಿಮೆಯಂದು ಯಲ್ಲಮ್ಮನ ಗುಡ್ಡಕ್ಕೆ ಲಕ್ಷಾಂತರ ಜನ ಸೇರಿದಾಗ ಒಂದೇ ಗೋಪುರದ ನೀರು ಎಷ್ಟು ಜನರಿಗೆ ಹಂಚಿಹೋಗುವದೆಂಬದನ್ನು ಊಹಿಸಬಹುದು. ರಾಮದುರ್ಗದಲ್ಲಿ ಕಲ್ಲುಗುಡ್ಡಗಳೂ ಇವೆ, ನದಿಯೂ ಇದೆ. 2019ರ ಆಗಸ್ಟ್‌ನ ಮಹಾಪೂರವನ್ನು ಆ ಜನ ಮರೆತಿಲ್ಲ. ನದೀತೀರದವರು ಉಪಕರಣವನ್ನು ನೆಲಮಟ್ಟದಲ್ಲಿ ಇಡಬಾರದು.

ವೇಗದ ಲೆಕ್ಕವನ್ನೂ ಅರಿಯಬೇಕು. ನಮ್ಮ ದೇಶದಲ್ಲಿ 2004ರಲ್ಲಿ 256 ಕೆಬಿಪಿಎಸ್ ವೇಗಕ್ಕೇ ‘ಬ್ರಾಡ್‌ಬ್ಯಾಂಡ್’ ಎಂಬ ಗೌರವವಿತ್ತು. 2023ರ ಜನವರಿಯಲ್ಲಿ ಸರ್ಕಾರವು ಅದರ ಕನಿಷ್ಠ ಮಿತಿಯನ್ನು 2 ಎಂಬಿಪಿಎಸ್‌ಗೆ ಏರಿಸಿತು. ಎಂಬಿಪಿಎಸ್ ಎಂಬದು ಬಿಟ್‌ಗಳ ಲೆಕ್ಕ, ಎಂಬಿ ಎಂಬದು ಬೈಟ್‌ಗಳ ಲೆಕ್ಕ. ಎಂಟು ಬಿಟ್‌ಗಳಿಗೆ ಒಂದು ಬೈಟ್. 2 ಎಂಬಿಪಿಎಸ್ ವೇಗದಲ್ಲಿ ಒಂದು ಗಂಟೆಯ ವಿಡಿಯೋ ಪಾಠ ನೋಡಿದರೆ ಸುಮಾರು 900 ಎಂಬಿ ಖರ್ಚಾಗುವದು. ದಿನಕ್ಕೆ ಒಂದೂವರೆ ಜಿಬಿಯ ಮೊಬೈಲ್ ಪ್ಯಾಕು ಒಂದು ಮಗುವಿನ ಒಂದೂವರೆ ಗಂಟೆಯ ಪಾಠಕ್ಕೆ ಸಾಕಾದೀತು. ಇಬ್ಬರು ಮಕ್ಕಳಿದ್ದರೆ ಮುಕ್ಕಾಲು ಗಂಟೆಗೇ ತೀರುವದು. ಬರಿಯ ಸಂದೇಶ, ಹಣ ಪಾವತಿ ಇಷ್ಟೇ ಇರುವ ವೃದ್ಧ ದಂಪತಿಗಳಿಗೆ ಮೊಬೈಲೇ ಸಾಕು. ಓದುವ ಮಕ್ಕಳಿರುವ ಮನೆಗೆ ಸ್ಥಿರ ಸಂಪರ್ಕವೇ ಕೊನೆಗೆ ಅಗ್ಗ.

ಈ ವಿವೇಕವು ನನಗೆ ಎಡವಿದ ಮೇಲೆ ಬಂದದ್ದು. ‘100 ಎಂಬಿಪಿಎಸ್‌ವರೆಗೆ’ ಎಂಬ ಜಾಹೀರಾತನ್ನು ನಂಬಿ ಆರು ತಿಂಗಳ ಹಣವನ್ನು ಒಮ್ಮೆಗೇ ಕಟ್ಟಿದೆನು. ಸೇವೆ ಕೊಟ್ಟವರ ಹೆಸರು ಇಲ್ಲಿ ಅನಾವಶ್ಯಕ. ಮುಂಜಾನೆ ಎಲ್ಲವೂ ಸರಿಯಿರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ, ಮಕ್ಕಳು ಓದಲು ಕೂಡ್ರುವ ಸಮಯಕ್ಕೆ ಸರಿಯಾಗಿ, ಪರದೆಯ ಮೇಲೆ ಒಂದು ವರ್ತುಲ ಸುತ್ತುತ್ತ ನಿಲ್ಲುತ್ತಿತ್ತು. ವ್ಯಾಕರಣ ಬೋಧಿಸುವ ನಾನೇ ‘ವರೆಗೆ’ ಎಂಬ ಅವ್ಯಯದ ಅರ್ಥವನ್ನು ಮರೆತಿದ್ದೆನು. ‘ವರೆಗೆ’ ಎಂಬದು ಮೇಲಿನ ಎಲ್ಲೆಯನ್ನು ಹೇಳುವದು, ಕೆಳಗಿನ ಎಲ್ಲೆಯನ್ನು ಹೇಳುವದಿಲ್ಲ. ಆ ವರ್ಷ ನೆರೆಮನೆಯ ವಿದ್ಯಾರ್ಥಿನಿಯೊಬ್ಬಳು ಶಿಷ್ಯವೇತನದ ಅರ್ಜಿ ತುಂಬಲು ಕೊನೆಯ ದಿನ ಸಂಜೆ ನಮ್ಮ ಮನೆಗೆ ಬಂದಳು. ರಾತ್ರಿ ಹತ್ತರವರೆಗೆ ಕಾದರೂ ಅರ್ಜಿ ಹೋಗಲಿಲ್ಲ. ಅವಳು ಏನೂ ಅನ್ನದೆ ಕಾಗದಗಳನ್ನು ಮಡಚಿಕೊಂಡು ಹೋದದ್ದು ಇಂದಿಗೂ ನನ್ನ ಕಣ್ಣ ಮುಂದಿದೆ.

ಆದ್ದರಿಂದ ಹಣ ಕೊಡುವ ಮೊದಲು ಮಾಡತಕ್ಕ ಕೆಲಸಗಳು ಇವು. ನಿಮ್ಮ ಓಣಿಯಲ್ಲಿಯೇ ಅದೇ ಸೇವೆ ಪಡೆದ ಎರಡು ಮನೆಗಳಿಗೆ ಸಂಜೆ ಏಳರಿಂದ ಒಂಬತ್ತರೊಳಗೆ ಹೋಗಿ, ಅಲ್ಲಿಯೇ ವೇಗವನ್ನು ಅಳೆದು ನೋಡಿರಿ. ತಂತಿ ಹರಿದರೆ ಎಷ್ಟು ದಿನಕ್ಕೆ ಸರಿಪಡಿಸುವರೆಂಬದನ್ನು ಕೇಬಲ್‌ನವರಿಗಿಂತ ಆ ಮನೆಯವರನ್ನು ಕೇಳಿರಿ. ತಿಂಗಳ ಬಳಕೆಯ ಮಿತಿ ಎಷ್ಟು, ಮಿತಿ ಮೀರಿದ ಮೇಲೆ ವೇಗ ಎಷ್ಟಕ್ಕೆ ಇಳಿಯುವದು ಎಂಬದನ್ನು ಬರವಣಿಗೆಯಲ್ಲಿ ಪಡೆಯಿರಿ. ದರದ ಮೇಲೆ ಶೇಕಡಾ 18 ಜಿಎಸ್‌ಟಿ, ಉಪಕರಣದ ಠೇವಣಿ, ಜೋಡಣೆಯ ಖರ್ಚು ಇವನ್ನು ಕೂಡಿಸಿಯೇ ವರ್ಷದ ಲೆಕ್ಕ ಹಾಕಿರಿ. ಮೊದಲಿಗೆ ಒಂದೇ ತಿಂಗಳ ಹಣ ಕಟ್ಟಿರಿ. ವಿದ್ಯುತ್ತು ಹೋದಾಗ ಉಪಕರಣವೂ ನಿಲ್ಲುವದರಿಂದ ಅದಕ್ಕೆ ಚಿಕ್ಕದೊಂದು ಬ್ಯಾಟರಿಯ ಆಧಾರವಿರಲಿ. ನಮ್ಮ ಹಳೆಯ ಮನೆಗಳ ಕಲ್ಲುಮಣ್ಣಿನ ದಪ್ಪ ಗೋಡೆಗಳನ್ನು ವೈಫೈ ಸುಲಭವಾಗಿ ದಾಟಲಾರದು. ಮಕ್ಕಳು ಓದುವ ಕೋಣೆಯ ಹತ್ತಿರವೇ ಅದನ್ನು ಇಡಿಸಿರಿ.

ದೋಷ ಕಂಡರೆ ಸುಮ್ಮನಿರಬಾರದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ನಿಯಮದಂತೆ ಸೇವಾಸಂಸ್ಥೆಯು ದೂರನ್ನು ದಾಖಲಿಸಿ ಅದರ ಸಂಖ್ಯೆಯನ್ನು ಕೊಡಲೇಬೇಕು. ಸಮಾಧಾನವಾಗದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಬಾಯಿಮಾತಿನ ಗೊಣಗಾಟಕ್ಕಿಂತ ಆ ಸಂಖ್ಯೆಯುಳ್ಳ ದೂರಿಗೆ ಬಲ ಹೆಚ್ಚು.

ಕೊನೆಗೆ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಒಂದು ವಿಜ್ಞಾಪನೆ. ಶಾಲೆಗೆ ಗಣಕಯಂತ್ರ ಕೊಡುವ ಉದಾರಿಗಳು ಅನೇಕರಿದ್ದಾರೆ. ಸಂಪರ್ಕದ ವರ್ಷವರ್ಷದ ಬಾಡಿಗೆಯನ್ನು ವಹಿಸಿಕೊಳ್ಳುವವರು ವಿರಳ. ನೀರಿಲ್ಲದ ಬಾವಿಗೆ ಗಾಲಿ, ಹಗ್ಗ ಕೊಟ್ಟರೇನು ಫಲ? ತಮ್ಮ ಹುಟ್ಟೂರಿನ ಶಾಲೆಗಾಗಲಿ ಗ್ರಂಥಾಲಯಕ್ಕಾಗಲಿ ಒಂದು ಒಳ್ಳೆಯ ಸಂಪರ್ಕದ ವಾರ್ಷಿಕ ವೆಚ್ಚವನ್ನು ಒಬ್ಬೊಬ್ಬರು ಹೊತ್ತರೆ, ಮನೆಯಲ್ಲಿ ಅನುಕೂಲವಿಲ್ಲದ ಮಗುವೂ ಸಂಜೆ ಅಲ್ಲಿ ಕುಳಿತು ಅರ್ಜಿ ತುಂಬೀತು, ಪಾಠ ನೋಡೀತು. ಕಾಲುವೆಯ ಕೊನೆಯ ಹೊಲಕ್ಕೂ ನೀರು ಮುಟ್ಟಿದ ದಿನವೇ ಅಣೆಕಟ್ಟು ಸಾರ್ಥಕ. ಕಾಗದ ಮಡಚಿಕೊಂಡು ಮೌನವಾಗಿ ಹೊರಡುವ ಮಗು ನಮ್ಮ ಊರುಗಳಲ್ಲಿ ಇನ್ನೊಂದು ಇರದಿರಲಿ.